ಅರವತ್ತು ಪೌಂಡಿನ ತಲೆಹೊರೆ: ಗೋಲ್ಡ್ ಕೋಸ್ಟ್ ಘಾನಾ ಆದ ಬಗೆ

1957ರ ಮಾರ್ಚ್ 6ರಂದು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು ಘಾನಾ ಎಂಬ ಹೆಸರು ಹೊತ್ತು ಸ್ವತಂತ್ರವಾಯಿತು. ಆಫ್ರಿಕದಲ್ಲಿ ಬ್ರಿಟನ್ನಿನ ವಸಾಹತು ಕಚೇರಿಯ ಅಧೀನದಲ್ಲಿದ್ದ ನಾಡುಗಳ ಪೈಕಿ ಮೊದಲು ಬಿಡುಗಡೆ ಪಡೆದದ್ದು ಇದೇ. ಇದಾದ ಹತ್ತೇ ವರ್ಷಗಳೊಳಗೆ ಖಂಡದ ಬಹುಭಾಗ ಯುರೋಪಿನ ಆಳ್ವಿಕೆಯಿಂದ ಕಳಚಿಕೊಂಡಿತು. ಆದ್ದರಿಂದ ಗೋಲ್ಡ್ ಕೋಸ್ಟ್ ಏಕೆ ಸ್ವತಂತ್ರವಾಯಿತು ಎಂಬ ಪ್ರಶ್ನೆಯ ಜೊತೆಗೆ, ಅದೇ ಏಕೆ ಮೊದಲು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ಕ್ವಾಮೆ ಎನ್‌ಕ್ರುಮಾ ಎಂಬ ಅಸಾಧಾರಣ ನಾಯಕನಿದ್ದರು ಎಂಬುದು ಒಂದು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ ಸಾಲದಲ್ಲಿ ಮುಳುಗಿ ಸೋತು ಸುಣ್ಣವಾಗಿತ್ತು ಎಂಬುದು ಇನ್ನೊಂದು. ಭಾರತ ಕೈತಪ್ಪಿದ ಮೇಲೆ ಸಾಮ್ರಾಜ್ಯಕ್ಕೆ ಅರ್ಥವೇ ಉಳಿದಿರಲಿಲ್ಲ ಎಂಬುದು ಮತ್ತೊಂದು. ಮೂರರಲ್ಲೂ ಸತ್ಯವಿದೆ. ಆದರೆ ಬ್ರಿಟನ್ನಿನ ಬಡತನವಾಗಲಿ, ಭಾರತದ ಸ್ವಾತಂತ್ರ್ಯವಾಗಲಿ ಗೋಲ್ಡ್ ಕೋಸ್ಟಿಗೆ ಮಾತ್ರ ಸಂಬಂಧಿಸಿದ ಸಂಗತಿಗಳಲ್ಲ. ಅವು ಕೆನ್ಯಾಕ್ಕೂ ಅಷ್ಟೇ ಅನ್ವಯಿಸುತ್ತಿದ್ದವು. ಹಾಗಿದ್ದರೂ ಕೆನ್ಯಾ 1952ರಿಂದ ವರ್ಷಗಟ್ಟಲೆ ತುರ್ತು ಪರಿಸ್ಥಿತಿಯಲ್ಲಿ ಬೆಂದು, ಅಪಾರ ರಕ್ತಪಾತವನ್ನು ಕಂಡು, 1963ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಎನ್‌ಕ್ರುಮಾ ಅವರ ವಿಷಯದಲ್ಲೂ ಇದೇ ಮಾತು: ಅವರು ಹನ್ನೆರಡು ವರ್ಷ ಹೊರದೇಶಗಳಲ್ಲಿದ್ದು 1947ರ ಡಿಸೆಂಬರಿನಲ್ಲಿ ಮರಳಿದಾಗ, ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಒಣಗಿದ ಕಟ್ಟಿಗೆ ಅಲ್ಲಿ ಆಗಲೇ ರಾಶಿ ಬಿದ್ದಿತ್ತು. ಆ ಕಟ್ಟಿಗೆ ಎಲ್ಲಿಂದ ಬಂತು ಎಂಬುದನ್ನು ಹುಡುಕುತ್ತ ಹೋದರೆ ನಾವು ತಲುಪುವುದು ನೆಲದ ಒಡೆತನದ ಪ್ರಶ್ನೆಗೆ ಮತ್ತು ಆ ನೆಲದಲ್ಲಿ ಬೆಳೆದ, ಚಾಕೊಲೇಟಿಗೆ ಮೂಲವಾದ ಕೊಕ್ಕೊಗೆ. ಗೋಲ್ಡ್ ಕೋಸ್ಟಿನ ಸ್ವಾತಂತ್ರ್ಯವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಮೊದಲು ನೆಲದ ಮಾತು. ಕಡಲತೀರದ ಫಾಂಟಿ ಕುಲದ ಒಡೆಯರು, ಅಂದರೆ ಸಾಂಪ್ರದಾಯಿಕ ಮುಖ್ಯಸ್ಥರು, 1844ರ ಮಾರ್ಚ್ 6ರಂದು ಬ್ರಿಟಿಷರೊಂದಿಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ಕೊಲೆ, ದರೋಡೆಯಂಥ ದೊಡ್ಡ ಅಪರಾಧಗಳ ವಿಚಾರಣೆಯಲ್ಲಿ ಬ್ರಿಟಿಷ್ ಅಧಿಕಾರಿಗಳು ಪಾಲ್ಗೊಳ್ಳಬಹುದು ಎಂದು ಒಪ್ಪಿಕೊಂಡದ್ದನ್ನು ಬಿಟ್ಟರೆ ಆ ಕಾಗದದಲ್ಲಿ ಅವರು ಒಂದು ಗೇಣು ಭೂಮಿಯನ್ನೂ ಬರೆದುಕೊಟ್ಟಿರಲಿಲ್ಲ. 1874ರಲ್ಲಿ ಕರಾವಳಿಯನ್ನು ಅಧಿಕೃತವಾಗಿ ವಸಾಹತು ಎಂದು ಘೋಷಿಸಲಾಯಿತು. ಅಶಾಂತಿ (ಅಸಾಂಟೆ) ಎಂಬ ಒಳನಾಡಿನ ಬಲಿಷ್ಠ ರಾಜ್ಯದ ರಾಜ ಪ್ರೆಂಪೆಯನ್ನು 1896ರಲ್ಲಿ ಸೆರೆಹಿಡಿದು ಕೊನೆಗೆ ಸೇಶೆಲ್ಸ್ ದ್ವೀಪಗಳಿಗೆ ಗಡೀಪಾರು ಮಾಡಿದರು. ಅಶಾಂತಿ ಜನ ತಮ್ಮ ಕುಲದ ಆತ್ಮವೇ ನೆಲೆಸಿದೆಯೆಂದು ನಂಬುವ ಚಿನ್ನದ ಪೀಠವನ್ನು ತನಗೆ ತಂದೊಪ್ಪಿಸಬೇಕೆಂದು ಗವರ್ನರ್ ಹಾಜ್‌ಸನ್ 1900ರಲ್ಲಿ ಕೇಳಿದಾಗ, ಎಜಿಸುವಿನ ರಾಜಮಾತೆ ಯಾ ಅಸಂಟೆವಾ ಮುಂದೆ ನಿಂತು ಯುದ್ಧ ನಡೆಸಿದರು. ಆ ಯುದ್ಧದಲ್ಲಿ ಅಶಾಂತಿ ಸೋತಿತು, ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ. ಹೀಗೆ ಆಳ್ವಿಕೆಯೇನೋ ಬ್ರಿಟಿಷರದಾಯಿತು. ಆದರೆ ಭೂಮಿ ಯಾರದು?

ಈ ಪ್ರಶ್ನೆಗೆ 1897ರಲ್ಲಿ ಸರ್ಕಾರ ತನ್ನ ಉತ್ತರವನ್ನು ಒಂದು ಮಸೂದೆಯ ರೂಪದಲ್ಲಿ ಮುಂದಿಟ್ಟಿತು. ಸಾಗುವಳಿಯಾಗದೆ ಬಿದ್ದಿರುವಂತೆ ಕಾಣುವ ಭೂಮಿಯ ಆಡಳಿತವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಳ್ಳುವುದು ಅದರ ಉದ್ದೇಶವಾಗಿತ್ತು. ಆದರೆ ಪಶ್ಚಿಮ ಆಫ್ರಿಕದ ಕಾಡಿನ ಬೇಸಾಯದಲ್ಲಿ ಹಲವು ವರ್ಷ ಬೀಳು ಬಿಡುವುದೂ ಬೇಸಾಯದ ಭಾಗವೇ. ನೋಡುವವರಿಗೆ ಪಾಳು ಕಾಡಿನಂತೆ ಕಾಣುವ ಜಾಗಕ್ಕೂ ಒಂದು ಕುಟುಂಬದ, ಒಂದು ಊರಿನ, ಒಬ್ಬ ಒಡೆಯನ ಹಕ್ಕು ಇದ್ದೇ ಇರುತ್ತದೆ. ಕೇಪ್ ಕೋಸ್ಟ್ ಪಟ್ಟಣದ ವಕೀಲರು, ವರ್ತಕರು, ಒಡೆಯರು ಸೇರಿ ಮೂಲನಿವಾಸಿಗಳ ಹಕ್ಕು ರಕ್ಷಣಾ ಸಂಘವನ್ನು ಕಟ್ಟಿದರು. ಇಂಗ್ಲೆಂಡಿನಲ್ಲಿ ವಕೀಲಿಕೆ ಓದಿ ಬಂದಿದ್ದ ಜಾನ್ ಮೆನ್ಸಾ ಸರ್ಬಾ ಶಾಸನ ಸಭೆಯ ಎದುರು ನಿಂತು, ಈ ನಾಡಿನ ಸಂಪ್ರದಾಯದ ಪ್ರಕಾರ ಒಡೆಯನಿಲ್ಲದ ಭೂಮಿ ಎಂಬುದೇ ಇಲ್ಲ ಎಂದು ವಾದಿಸಿದರು. 1898ರಲ್ಲಿ ಸಂಘದ ನಿಯೋಗವೊಂದು ಲಂಡನ್ನಿಗೇ ಹೋಗಿ ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್‌ ಅವರನ್ನು ಕಂಡಿತು, ಮಸೂದೆ ಬಿದ್ದುಹೋಯಿತು. ಆಫ್ರಿಕದ ಸ್ವಾತಂತ್ರ್ಯದ ಕಥೆ ಹೇಳುವವರು ಬಹುತೇಕ ಈ ಘಟನೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದು ಇಡೀ ಕಥೆಯ ಬುನಾದಿಯೆಂದು ತೋರುತ್ತದೆ. ಹವೆಯೂ ಈ ಜನರ ಪಕ್ಷದಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಮಲೇರಿಯಾ ಮತ್ತು ಹಳದಿ ಜ್ವರಗಳಿಂದಾಗಿ ಆ ತೀರಕ್ಕೆ ಬಿಳಿಯರ ಗೋರಿ ಎಂಬ ಹೆಸರು ಬಿದ್ದಿತ್ತು, ಯುರೋಪಿನ ಕುಟುಂಬಗಳು ಅಲ್ಲಿ ಬಂದು ನೆಲೆಸಲು ಹಿಂಜರಿಯುತ್ತಿದ್ದವು. ಕೆನ್ಯಾದ ಎತ್ತರದ ತಂಪು ಪ್ರದೇಶಗಳಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಒಳ್ಳೆಯ ಜಮೀನನ್ನು ಬಿಳಿಯರಿಗೆಂದೇ ಮೀಸಲಿಡಲಾಯಿತು, ಆ ಜಮೀನುದಾರರು ಕೊನೆಯವರೆಗೂ ಅಧಿಕಾರದ ಹಸ್ತಾಂತರಕ್ಕೆ ಅಡ್ಡ ನಿಂತರು. ಗೋಲ್ಡ್ ಕೋಸ್ಟಿನಲ್ಲಿ ಹಾಗೆ ಅಡ್ಡ ನಿಲ್ಲುವ ಬಿಳಿಯ ಜಮೀನುದಾರ ವರ್ಗ ಹುಟ್ಟಲೇ ಇಲ್ಲ.

ಹೀಗೆ ಕೈಯಲ್ಲಿ ಉಳಿದ ನೆಲದಲ್ಲಿ ಜನ ಕೊಕ್ಕೊ ಬೆಳೆದರು. ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ ಫರ್ನಾಂಡೊ ಪೊ ದ್ವೀಪಕ್ಕೆ ದುಡಿಯಲು ಹೋಗಿ, 1879ರಲ್ಲಿ ಹಿಂತಿರುಗುವಾಗ ಬೀಜಗಳನ್ನು ತಂದು ಅಕ್ವಾಪಿಮ್ ಗುಡ್ಡಗಳ ಮಾಂಪಾಂಗ್ ಎಂಬ ಊರಿನಲ್ಲಿ ಬಿತ್ತಿದ ಕಥೆ ಘಾನಾದ ಶಾಲಾ ಮಕ್ಕಳಿಗೆಲ್ಲ ಗೊತ್ತು. ಅದಕ್ಕೂ ಮೊದಲು ಪಕ್ಕದ ಅಕ್ರೊಪಾಂಗ್‌ನಲ್ಲಿ ಬಾಸೆಲ್ ಮಿಷನ್ನಿನವರು ಕೊಕ್ಕೊ ಸಸಿ ಬೆಳೆಸುವ ಪ್ರಯತ್ನ ಮಾಡಿದ್ದರು. ಮಂಗಳೂರಿನಲ್ಲಿ 1834ರಲ್ಲಿ ನೆಲೆಯೂರಿ ಮುಂದೆ ಹೆಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣಗಳಿಗೆ ಹೆಸರಾದ ಅದೇ ಮಿಷನ್ 1828ರಲ್ಲೇ ಗೋಲ್ಡ್ ಕೋಸ್ಟಿಗೆ ತನ್ನ ಜನರನ್ನು ಕಳುಹಿಸಿತ್ತು ಎಂಬುದನ್ನು ಕನ್ನಡದ ಓದುಗರಿಗೆ ಇಲ್ಲಿ ನೆನಪಿಸಬೇಕೆನಿಸುತ್ತದೆ. ಬೀಜ ತಂದವರು ಯಾರೇ ಆಗಿರಲಿ, ಬೆಳೆಯನ್ನು ಹಬ್ಬಿಸಿದವರು ಅಲ್ಲಿನ ರೈತರೇ. ಅಕ್ವಾಪಿಮ್ ಗುಡ್ಡಗಳಲ್ಲಿ ಜಾಗ ಸಾಲದಾದಾಗ ರೈತರು ಗುಂಪು ಕಟ್ಟಿ, ಹಣ ಕೂಡಿಸಿ, ಪಶ್ಚಿಮದ ಕಾಡುಗಳ ಒಡೆಯರಿಂದ ಜಮೀನು ಕೊಂಡು, ತಾವು ಕೊಟ್ಟ ಹಣದ ಅನುಪಾತದಲ್ಲಿ ಪಾಲು ಮಾಡಿಕೊಂಡರು. ಕೂಲಿಯವರಿಗೆ ಬೆಳೆಯ ಮೂರನೆಯ ಒಂದು ಪಾಲು ಕೊಡುವ ಅಬುಸಾ ಪದ್ಧತಿ ಹಬ್ಬಿತು. 1911ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಕೊಕ್ಕೊ ಬೆಳೆಯುವ ನಾಡು ಗೋಲ್ಡ್ ಕೋಸ್ಟ್ ಆಗಿತ್ತು, ಅದೂ ಒಂದು ದೊಡ್ಡ ಬಿಳಿಯರ ಎಸ್ಟೇಟಿನ ನೆರವಿಲ್ಲದೆ.

ಆ ದುಡಿಮೆ ಎಂಥದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೊ ಕಂಡವರಿಗೆ ಗೊತ್ತಿರುವಂತೆ ಕಾಯಿ ಬಿಡುವುದು ಕೊಂಬೆಯ ತುದಿಯಲ್ಲಲ್ಲ, ಕಾಂಡಕ್ಕೇ ಅಂಟಿಕೊಂಡು. ಕತ್ತಿಯಿಂದ ಕೊಯ್ದ ಕಾಯನ್ನು ಒಡೆದರೆ ಸಿಹಿಯಾದ ಬಿಳಿ ತಿರುಳಿನೊಳಗೆ ಬೀಜಗಳಿರುತ್ತವೆ. ಗೋಲ್ಡ್ ಕೋಸ್ಟಿನ ರೈತರು ಅವನ್ನು ಬಾಳೆಲೆಯ ಮೇಲೆ ರಾಶಿ ಹಾಕಿ, ಮೇಲೂ ಬಾಳೆಲೆ ಮುಚ್ಚಿ, ಸುಮಾರು ಆರು ದಿನ ಹುದುಗಲು ಬಿಡುತ್ತಿದ್ದರು. ತಿರುಳು ಕರಗಿ ಹರಿದು ಹೋಗಿ ಬೀಜ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅಟ್ಟಣೆಯ ಚಾಪೆಗಳ ಮೇಲೆ ಹರವಿ, ಮಳೆ ಬಂದರೆ ಮುಚ್ಚಿ, ಬಿಸಿಲು ಬಂದರೆ ತೆರೆದು, ದಿನವೂ ಕೈಯಾಡಿಸುತ್ತ ಒಣಗಿಸಬೇಕಿತ್ತು. ಆಮೇಲೆ ಚೀಲಕ್ಕೆ ತುಂಬಿ ತಲೆಯ ಮೇಲೆ ಹೊತ್ತು ರಸ್ತೆಗೋ ರೈಲು ನಿಲ್ದಾಣಕ್ಕೋ ಸಾಗಿಸಬೇಕಿತ್ತು. ಒಬ್ಬ ಆಳು ಹೊರಬಲ್ಲ ತಲೆಹೊರೆಯನ್ನು 60 ಪೌಂಡ್ ಎಂದು ಲೆಕ್ಕ ಹಿಡಿದಿದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 27 ಕಿಲೊ. ಕೊಕ್ಕೊವಿನ ಬೆಲೆ ಗೊತ್ತುಮಾಡುತ್ತಿದ್ದದ್ದೂ ಇದೇ ಹೊರೆಯ ಮೇಲೆ. ಮುಂದೆ ಇಡೀ ನಾಡಿನ ರಾಜಕೀಯವೇ, ಹೊರೆಗೆ ಇಷ್ಟು ಶಿಲಿಂಗ್ ಎಂಬ ಈ ಲೆಕ್ಕದ ಸುತ್ತಲೇ ಸುತ್ತಿತು.

ಯಾಕೆಂದರೆ ಬೆಳೆ ರೈತನದಾದರೂ ಮಾರುಕಟ್ಟೆ ಅವನದಾಗಿರಲಿಲ್ಲ. ಕೊಳ್ಳುವವರು, ಹಡಗಿಗೆ ಹಾಕುವವರು, ಅಂಗಡಿಯಲ್ಲಿ ಬಟ್ಟೆ, ಸೀಮೆಎಣ್ಣೆ, ಕಬ್ಬಿಣದ ಸಾಮಾನು ಮಾರುವವರು ಎಲ್ಲರೂ ಬೆರಳೆಣಿಕೆಯ ಯುರೋಪಿಯನ್ ಕಂಪನಿಗಳೇ. ಅವುಗಳ ಪೈಕಿ ಯುನೈಟೆಡ್ ಆಫ್ರಿಕಾ ಕಂಪನಿ ಎಲ್ಲಕ್ಕಿಂತ ದೊಡ್ಡದು. 1937ರಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು, ಪರಸ್ಪರ ಪೈಪೋಟಿ ನಡೆಸದೆ ಒಂದೇ ಬೆಲೆಗೆ ಕೊಕ್ಕೊ ಕೊಳ್ಳಲು ನಿರ್ಧರಿಸಿದವು. ರೈತರು ಅದಕ್ಕೆ ಕೊಟ್ಟ ಉತ್ತರ ಆಫ್ರಿಕದ ಇತಿಹಾಸದಲ್ಲಿ ಅಪರೂಪದ್ದು. ಅವರು ಕೊಕ್ಕೊ ಮಾರುವುದನ್ನೇ ನಿಲ್ಲಿಸಿದರು, ಯುರೋಪಿನ ಸಾಮಾನು ಕೊಳ್ಳುವುದನ್ನೂ ನಿಲ್ಲಿಸಿದರು. ಒಡೆಯರು, ದಲ್ಲಾಳಿಗಳು, ಲಾರಿಯವರು ಕೈಜೋಡಿಸಿದರು. 1937ರ ಕೊನೆಯಿಂದ 1938ರ ಏಪ್ರಿಲ್‌ವರೆಗೆ ತಿಂಗಳುಗಟ್ಟಲೆ ವ್ಯಾಪಾರ ನಿಂತುಹೋಗಿ, ಕಡೆಗೆ ಬ್ರಿಟಿಷ್ ಸರ್ಕಾರ ನೋವೆಲ್ ಆಯೋಗವನ್ನು ಕಳುಹಿಸಬೇಕಾಯಿತು. ಕಂಪನಿಗಳ ಒಪ್ಪಂದವನ್ನು ಆಯೋಗ ಟೀಕಿಸಿತು. ಭಾಷೆ, ಕುಲ, ಪ್ರಾಂತ ಬೇರೆ ಬೇರೆಯಾಗಿದ್ದ ಸಾವಿರಾರು ಹಳ್ಳಿಗಳ ಜನ ಒಂದೇ ಕಾರಣಕ್ಕೆ ಒಂದೇ ಕಾಲಕ್ಕೆ ಎದ್ದು ನಿಲ್ಲಬಲ್ಲರು ಎಂಬುದು ಆಗ ಗೊತ್ತಾಯಿತು. ರಾಜಕೀಯ ಪಕ್ಷವೊಂದು ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ಜನ ಈ ಪಾಠ ಕಲಿತಿದ್ದರು.

ಅಷ್ಟರಲ್ಲಿ ಯುದ್ಧ ಬಂತು. ಸರ್ಕಾರವೇ ಕೊಕ್ಕೊವಿನ ಏಕೈಕ ಖರೀದಿದಾರನಾಯಿತು, ಆದರೆ ಖರೀದಿಯ ಗುತ್ತಿಗೆ ಅವೇ ಹಳೆಯ ಕಂಪನಿಗಳ ಪಾಲಾಯಿತು. ಯುದ್ಧ ಮುಗಿದ ಮೇಲೂ ವ್ಯವಸ್ಥೆ ಬದಲಾಗಲಿಲ್ಲ. 1947ರಲ್ಲಿ ಕೊಕ್ಕೊ ಮಾರಾಟ ಮಂಡಳಿ ಎಂಬ ಶಾಶ್ವತ ಸಂಸ್ಥೆ ತಲೆಯೆತ್ತಿತು. ಮಂಡಳಿ ರೈತನಿಗೆ ಗೊತ್ತುಪಡಿಸಿದ ಬೆಲೆ ಕೊಟ್ಟು, ಜಗತ್ತಿನ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಗೆ ಮಾರಿ, ಉಳಿಕೆಯನ್ನು ಲಂಡನ್ನಿನಲ್ಲಿ ಪೌಂಡುಗಳಲ್ಲಿ ಇಡುತ್ತಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ರೈತನನ್ನು ಕಾಪಾಡಲು ಈ ನಿಧಿ ಬೇಕೆಂಬ ವಾದ ಕೇಳಲು ಚೆನ್ನಾಗಿಯೇ ಇತ್ತು. ಆದರೆ ಅಮೆರಿಕಕ್ಕೆ ಮಾರಿದ ಕೊಕ್ಕೊವಿನಿಂದ ಬಂದ ಡಾಲರುಗಳು ಬ್ರಿಟನ್ನಿನ ಬರಿದಾದ ಬೊಕ್ಕಸಕ್ಕೆ ಆಸರೆಯಾಗುತ್ತಿದ್ದವು, ಬೆವರು ಸುರಿಸಿದವನಿಗೆ ಸಿಗುತ್ತಿದ್ದದ್ದು ಅದರ ಒಂದಂಶ ಮಾತ್ರ.

ಇದರ ಮೇಲೆ ರೋಗ ಬೇರೆ. ಹಿಟ್ಟುತಿಗಣೆಗಳಿಂದ ಹರಡುವ ವೈರಸ್ ರೋಗವೊಂದು ಕೊಕ್ಕೊ ಮರಗಳನ್ನು ತಿನ್ನತೊಡಗಿತ್ತು. ಅದು ತಗುಲಿದ ಮರದ ಚಿಗುರುಗಳು ಊದಿಕೊಂಡು, ಎಲೆ ಉದುರಿ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಅದಕ್ಕೆ ಮದ್ದಿರಲಿಲ್ಲ, ರೋಗ ಬಂದ ಮರವನ್ನು ಕಡಿಯುವುದೊಂದೇ ದಾರಿ ಎಂದು ವಿಜ್ಞಾನಿಗಳು ಹೇಳಿದರು, ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಯುದ್ಧಾನಂತರ ಸರ್ಕಾರ ಕೃಷಿ ಇಲಾಖೆಯ ಆಳುಗಳನ್ನು ಕಳುಹಿಸಿ ಮರಗಳನ್ನು ಬಲವಂತದಿಂದ ಕಡಿಸತೊಡಗಿದಾಗ ರೈತನ ಕಣ್ಣಿಗೆ ಕಂಡದ್ದು ಬೇರೆ. ಕಡಿಯುವಾಗ ಎಷ್ಟೋ ಮರಗಳು ಇನ್ನೂ ಕಾಯಿ ಬಿಡುತ್ತಿದ್ದವು. ಕಾಯಿ ತುಂಬಿದ ಮರ ಬುಡಮೇಲಾಗಿ ಬೀಳುವುದನ್ನು ನೋಡಿದವನಿಗೆ, ಇಷ್ಟು ವರ್ಷ ಬೆಲೆಯಲ್ಲಿ ವಂಚಿಸಿದ ಸರ್ಕಾರ ಈಗ ತೋಟವನ್ನೇ ನಾಶ ಮಾಡಲು ಹೊರಟಿದೆ ಎಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸರ್ಕಾರದ ಸಲಹೆ ವೈಜ್ಞಾನಿಕವಾಗಿ ಸರಿಯಾಗಿದ್ದರೂ ಅದನ್ನು ನಂಬಲು ಜನ ಸಿದ್ಧರಿರಲಿಲ್ಲ. ವಸಾಹತು ಆಡಳಿತದ ತಳ ಕುಸಿದದ್ದು ಮೊದಲು ಈ ತೋಟಗಳಲ್ಲಿ.

ಪಟ್ಟಣಗಳಲ್ಲಿ ಕುದಿಯುತ್ತಿದ್ದ ಅಸಮಾಧಾನಕ್ಕೆ ಕಾರಣಗಳು ಬೇರೆ. ಯುದ್ಧಕ್ಕೆ ಹೋಗಿದ್ದ 60,000ಕ್ಕೂ ಹೆಚ್ಚು ಮಂದಿ ಮರಳಿದ್ದರು. ಇವರಲ್ಲಿ ಸಾವಿರಾರು ಜನ ಭಾರತಕ್ಕೆ ಬಂದಿಳಿದು, ಬರ್ಮಾದ ಅರಕಾನಿನ ಕಾಡುಗಳಲ್ಲಿ ಜಪಾನೀಯರ ವಿರುದ್ಧ ಕಾದಿದವರು. ಕಲಾದಾನ್ ನದಿಯ ಕಣಿವೆಯಲ್ಲಿ ವಾಹನಗಳು ಓಡುವಂತಿರಲಿಲ್ಲ. ವಿಮಾನಗಳು ಎಸೆದ ಮದ್ದುಗುಂಡು, ಆಹಾರಗಳನ್ನು 81ನೆಯ ಪಶ್ಚಿಮ ಆಫ್ರಿಕನ್ ಡಿವಿಷನ್ನಿನ ಆಳುಗಳು ಊರಿನಲ್ಲಿ ಕೊಕ್ಕೊ ಹೊರುತ್ತಿದ್ದ ರೀತಿಯಲ್ಲೇ ತಲೆಯ ಮೇಲೆ ಹೊತ್ತು ಸಾಗಿದರು. ಅವರು ಏಷ್ಯಾದ ಸೈನ್ಯವೊಂದು ಬ್ರಿಟಿಷರನ್ನು ಬರ್ಮಾದಿಂದ ಓಡಿಸಿದ್ದನ್ನು ಅರಿತರು, ಭಾರತೀಯರು ಸ್ವರಾಜ್ಯ ಕೇಳುವುದನ್ನು ಕೇಳಿಸಿಕೊಂಡರು. ಮಾಜಿ ಸೈನಿಕರೇ ಸ್ವಾತಂತ್ರ್ಯ ಚಳವಳಿಯನ್ನು ನಡೆಸಿದರು ಎಂದು ಕೆಲವರು ಬರೆಯುವುದುಂಟು, ಅದು ಅತಿಶಯೋಕ್ತಿ. ಅವರಲ್ಲಿ ಹೆಚ್ಚಿನವರು ಬಯಸಿದ್ದು ಪಿಂಚಣಿ, ಉದ್ಯೋಗ ಮತ್ತು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಒಂದು ಸರ್ಕಾರವನ್ನು ಅಷ್ಟೇ. ಆದರೆ ಅವರಿಗಾದ ಅನ್ಯಾಯ ಇಡೀ ನಾಡಿನ ಕಣ್ಣಿಗೆ ಬೀಳುವಂಥದ್ದಾಗಿತ್ತು. ಜೊತೆಗೆ ಅಂಗಡಿಯ ಸಾಮಾನಿನ ಬೆಲೆ ಗಗನಕ್ಕೇರಿತ್ತು. 1948ರ ಜನವರಿಯಲ್ಲಿ ರಾಜಧಾನಿ ಅಕ್ರಾದ ಒಬ್ಬ ಕಿರಿಯ ಒಡೆಯ ನಿ ಕ್ವಾಬೆನಾ ಬೋನ್ನೆ ಯುರೋಪಿಯನ್ ಅಂಗಡಿಗಳ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಒಂದು ತಿಂಗಳ ಬಹಿಷ್ಕಾರದ ನಂತರ ವರ್ತಕರು ತಮ್ಮ ಲಾಭದ ಅಂತರವನ್ನು ಶೇಕಡಾ 75ರಿಂದ 50ಕ್ಕೆ ಇಳಿಸಲು ಒಪ್ಪಿದರು.

ಬಹಿಷ್ಕಾರ ಮುಗಿದದ್ದು ಫೆಬ್ರವರಿ 28ರ ಶನಿವಾರ. ಅಂದೇ ಮಾಜಿ ಸೈನಿಕರು ಗವರ್ನರ್ ಜೆರಾಲ್ಡ್ ಕ್ರೀಸಿ ಅವರಿಗೆ ಮನವಿ ಕೊಡಲು, ಕಡಲ ದಂಡೆಯ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಕಡೆಗೆ ಮೆರವಣಿಗೆ ಹೊರಟರು. ಅವರ ಕೈಯಲ್ಲಿ ಆಯುಧಗಳಿರಲಿಲ್ಲ. ಕೋಟೆಗೆ ತಿರುಗುವ ಕೂಡುರಸ್ತೆಯಲ್ಲಿ ಸಣ್ಣದೊಂದು ಪೊಲೀಸ್ ತುಕಡಿ ಅವರನ್ನು ತಡೆಯಿತು. ಗುಂಪು ಹಿಂದೆ ಸರಿಯದಿದ್ದಾಗ ಪೊಲೀಸ್ ಅಧಿಕಾರಿ ಕಾಲಿನ್ ಇಮ್ರೇ ಗುಂಡು ಹಾರಿಸಲು ಆಜ್ಞೆ ಕೊಟ್ಟರು. ಪೇದೆಗಳು ಹಿಂಜರಿದಾಗ ತಾವೇ ಒಬ್ಬನ ಬಂದೂಕು ತೆಗೆದುಕೊಂಡು ಹಾರಿಸಿದರು. ಸಾರ್ಜೆಂಟ್ ಅಡ್ಜೆಟೆ, ಕಾರ್ಪೊರಲ್ ಅಟಿಪೊ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟೆ ಸತ್ತು ಬಿದ್ದರು. ಬ್ರಿಟನ್ನಿನ ಪರವಾಗಿ ಹೋರಾಡಿ ಬಂದವರನ್ನು ಬ್ರಿಟಿಷ್ ಅಧಿಕಾರಿಯೇ ಕೊಂದ ಸುದ್ದಿ, ಬೆಲೆ ಇಳಿದಿದೆಯೇ ಎಂದು ನೋಡಲು ಅಂದು ಬೆಳಗ್ಗೆ ಪೇಟೆಗೆ ಬಂದು ನಿರಾಶರಾಗಿದ್ದ ಜನರ ಕಿವಿಗೆ ಬಿತ್ತು. ಯುನೈಟೆಡ್ ಆಫ್ರಿಕಾ ಕಂಪನಿಯ ಮಳಿಗೆ ಸೇರಿದಂತೆ ಯುರೋಪಿಯನ್ ಅಂಗಡಿಗಳು ಹೊತ್ತಿ ಉರಿದವು. ಗಲಭೆ ಅಶಾಂತಿ ಪ್ರಾಂತದ ಮುಖ್ಯ ಪಟ್ಟಣ ಕುಮಾಸಿ ಮೊದಲಾದ ಊರುಗಳಿಗೂ ಹರಡಿತು. ಒಟ್ಟು 29 ಜನ ಸತ್ತರು, 237 ಮಂದಿ ಗಾಯಗೊಂಡರು.

ಇಲ್ಲಿ ಬ್ರಿಟಿಷರ ಕಡೆಯ ಲೆಕ್ಕಾಚಾರವನ್ನೂ ನೋಡಬೇಕು. ಎರಡೇ ವರ್ಷ ಹಿಂದೆ, 1946ರಲ್ಲಿ, ಗವರ್ನರ್ ಅಲನ್ ಬರ್ನ್ಸ್ ತಂದ ಸಂವಿಧಾನ ಶಾಸನ ಸಭೆಯಲ್ಲಿ ಚುನಾಯಿತ ಆಫ್ರಿಕನ್ನರಿಗೆ ಬಹುಮತ ಕೊಟ್ಟಿತ್ತು. ಬ್ರಿಟಿಷ್ ಆಫ್ರಿಕದಲ್ಲಿ ಅದು ಮೊದಲ ಸಲ. ಗೋಲ್ಡ್ ಕೋಸ್ಟ್ ಮಾದರಿ ವಸಾಹತು, ಅಲ್ಲಿನ ಜನ ತೃಪ್ತರು ಎಂದು ಲಂಡನ್ ನಂಬಿತ್ತು. ಆದರೆ ಆ ಸಭೆಗೆ ಹೆಚ್ಚಿನವರನ್ನು ಆರಿಸುತ್ತಿದ್ದದ್ದು ಒಡೆಯರ ಮಂಡಲಿಗಳು; ಶಾಲೆ ಕಲಿತ ಯುವಕನಿಗೂ ಕೊಕ್ಕೊ ರೈತನಿಗೂ ಅದರಲ್ಲಿ ದನಿಯಿರಲಿಲ್ಲ. ಗಲಭೆಯ ವಿಚಾರಣೆಗೆ ಬಂದ ಏಕನ್ ವಾಟ್ಸನ್ ಆಯೋಗ ಆ ಸಂವಿಧಾನ ಹುಟ್ಟುವಾಗಲೇ ಹಳತಾಗಿತ್ತು ಎಂದು ಬರೆಯಿತು. ಹೊಸ ಸಂವಿಧಾನ ರೂಪಿಸಲು ನ್ಯಾಯಮೂರ್ತಿ ಹೆನ್ಲಿ ಕೂಸಿ ಅವರ ಅಧ್ಯಕ್ಷತೆಯಲ್ಲಿ 40 ಜನರ ಸಮಿತಿ ರಚನೆಯಾಯಿತು, ಎಲ್ಲರೂ ಆಫ್ರಿಕನ್ನರೇ. ಲಂಡನ್ ಇಷ್ಟು ಬೇಗ ಮಣಿಯಿತೇಕೆ? 1948ರ ಜೂನ್‌ನಲ್ಲಿ ಬ್ರಿಟಿಷ್ ಆಳ್ವಿಕೆಯ ಮಲಯದಲ್ಲಿ ಸಶಸ್ತ್ರ ಬಂಡಾಯ ಶುರುವಾಗಿತ್ತು. ಇನ್ನೊಂದು ಕಡೆ ಸೈನ್ಯ ಕಳುಹಿಸುವ ಹಣವೂ ಮನಸ್ಸೂ ಇರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಕೊಕ್ಕೊ ಬೆಳೆಯುತ್ತಿದ್ದವರು ಸ್ವತಂತ್ರ ರೈತರು. ಅವರನ್ನು ಬಂದೂಕಿನ ಬಲದಿಂದ ಬೆಳೆಯುವಂತೆ, ಮಾರುವಂತೆ ಮಾಡಲಾಗದು ಎಂಬುದು 1938ರಲ್ಲೇ ಸ್ಪಷ್ಟವಾಗಿತ್ತು. ಡಾಲರು ಬೇಕೆಂದರೆ ರೈತರ ಒಪ್ಪಿಗೆ ಬೇಕು, ಒಪ್ಪಿಗೆ ಬೇಕೆಂದರೆ ಅವರು ನಂಬುವ ನಾಯಕರ ಜೊತೆ ಮಾತನಾಡಬೇಕು. ಬ್ರಿಟಿಷರು ಉದಾರವಾಗಿ ಸ್ವಾತಂತ್ರ್ಯ ಕೊಟ್ಟರು ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಆ ನಾಯಕರು ಯಾರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಭಾರತ ಸ್ವತಂತ್ರವಾಗುವುದಕ್ಕೆ ಹನ್ನೊಂದು ದಿನ ಮುಂಚೆ, 1947ರ ಆಗಸ್ಟ್ 4ರಂದು, ಸಾಲ್ಟ್‌ಪಾಂಡ್ ಎಂಬ ಕಡಲೂರಿನಲ್ಲಿ ಮರದ ವ್ಯಾಪಾರಿ ಜಾರ್ಜ್ ಗ್ರಾಂಟ್, ವಕೀಲ ಜೆ. ಬಿ. ಡಾಂಕ್ವಾ ಮೊದಲಾದವರು ಸಂಯುಕ್ತ ಗೋಲ್ಡ್ ಕೋಸ್ಟ್ ಸಮ್ಮೇಳನ ಎಂಬ ಪಕ್ಷ ಕಟ್ಟಿದ್ದರು. ಆದಷ್ಟು ಬೇಗ ಸ್ವಯಮಾಡಳಿತ ಎಂಬುದು ಅವರ ಬೇಡಿಕೆ. ಇವರು ವಿದ್ಯಾವಂತರು, ಸ್ಥಿತಿವಂತರು, ಪೂರ್ಣಾವಧಿ ಕೆಲಸಕ್ಕೆ ಬಿಡುವಿಲ್ಲದವರು. ಹಾಗಾಗಿ ಅಮೆರಿಕದಲ್ಲಿ ಓದಿ, 1945ರ ಮ್ಯಾಂಚೆಸ್ಟರ್ ಅಖಿಲ ಆಫ್ರಿಕನ್ ಸಮ್ಮೇಳನದ ಸಂಘಟನೆಯಲ್ಲಿ ದುಡಿದಿದ್ದ ಎನ್‌ಕ್ರುಮಾ ಅವರನ್ನು ಕಾರ್ಯದರ್ಶಿಯಾಗಿ ಕರೆಸಿಕೊಂಡರು. ಗಲಭೆಯ ನಂತರ ಸರ್ಕಾರ ಈ ಪಕ್ಷದ ಆರು ಮುಖಂಡರನ್ನು ಬಂಧಿಸಿತು. ಹೊರಬಂದ ಮೇಲೆ ಐವರು ಕೂಸಿ ಸಮಿತಿಯಲ್ಲಿ ಕುಳಿತರು, ಆರನೆಯವರಾದ ಎನ್‌ಕ್ರುಮಾ ಅವರನ್ನು ಹೊರಗಿಡಲಾಯಿತು. ಉಳಿದವರು ಕಡತಗಳ ನಡುವೆ ಇದ್ದಾಗ ಅವರು ಹಳ್ಳಿ ಹಳ್ಳಿ ಸುತ್ತಿದರು.

ಅವರ ಸುತ್ತ ಸೇರಿದವರನ್ನು ಎದುರಾಳಿಗಳು ಜಗಲಿ ಹುಡುಗರು ಎಂದು ಹಂಗಿಸುತ್ತಿದ್ದರು. ಪ್ರಾಥಮಿಕ ಶಾಲೆ ಮುಗಿಸಿ, ಪಟ್ಟಣಕ್ಕೆ ಬಂದು, ಕೆಲಸವೂ ಸೂರೂ ಸಿಗದೆ ಉಳ್ಳವರ ಮನೆಯ ಜಗಲಿಗಳಲ್ಲಿ ಮಲಗುತ್ತಿದ್ದ ಹುಡುಗರವರು. ಆ ಹುಡುಗರು ಬೈಗುಳವನ್ನೇ ಬಿರುದಿನಂತೆ ಧರಿಸಿದರು. ಅವರ ಜೊತೆಗೆ ಸಂತೆಯ ವ್ಯಾಪಾರಿ ಹೆಂಗಸರು, ಲಾರಿ ಚಾಲಕರು, ಮರ ಕಡಿಸಿಕೊಂಡ ರೈತರು ಬಂದರು. ಸಂತೆಯ ಹೆಂಗಸರು ಹಣ ಕೂಡಿಸಿಕೊಟ್ಟರು, ಲಾರಿಗಳು ಪಕ್ಷದ ಸುದ್ದಿಯನ್ನೂ ಪತ್ರಿಕೆಯನ್ನೂ ಊರೂರಿಗೆ ಮುಟ್ಟಿಸಿದವು. 1949ರ ಜೂನ್ 12ರಂದು ಅಕ್ರಾದಲ್ಲಿ ಎನ್‌ಕ್ರುಮಾ ತಮ್ಮದೇ ಜನ ಸಮಾವೇಶ ಪಕ್ಷವನ್ನು ಸ್ಥಾಪಿಸಿದರು. ಹಳೆಯ ಪಕ್ಷ ಆದಷ್ಟು ಬೇಗ ಎಂದಲ್ಲಿ ಹೊಸ ಪಕ್ಷ ಈಗಲೇ ಎಂದಿತು. ಎರಡು ಪಕ್ಷಗಳ ನಡುವಿನ ದೂರವೆಲ್ಲ ಆ ಒಂದು ಪದದಲ್ಲಿತ್ತು.

1950ರ ಜನವರಿ 8ರಂದು ಎನ್‌ಕ್ರುಮಾ ಸಕಾರಾತ್ಮಕ ಕ್ರಿಯೆ ಎಂದು ಹೆಸರಿಟ್ಟ ಚಳವಳಿಗೆ ಕರೆ ಕೊಟ್ಟರು. ಮುಷ್ಕರ, ಬಹಿಷ್ಕಾರ, ಅಸಹಕಾರ, ಮತ್ತು ಸಂಪೂರ್ಣ ಅಹಿಂಸೆ: ಇದರ ಹಿಂದೆ ಗಾಂಧೀಜಿಯವರ ಪ್ರಭಾವ ಇದ್ದುದನ್ನು ಅವರು ಮುಚ್ಚಿಟ್ಟಿರಲಿಲ್ಲ. ಸರ್ಕಾರ ತುರ್ತು ಪರಿಸ್ಥಿತಿ ಹೇರಿ ಅವರನ್ನು ಜೈಲಿಗೆ ಹಾಕಿತು. ಅಕ್ರಾದ ಜೇಮ್ಸ್ ಫೋರ್ಟ್ ಜೈಲಿನಲ್ಲಿ ಕಾಗದ ಸಿಗದಿದ್ದಾಗ ಅವರು ಶೌಚದ ಕಾಗದದ ಮೇಲೆ ಸೂಚನೆಗಳನ್ನು ಬರೆದು ಗುಟ್ಟಾಗಿ ಹೊರಗೆ ಕಳುಹಿಸುತ್ತಿದ್ದರು. 1951ರ ಫೆಬ್ರವರಿಯಲ್ಲಿ ಕೂಸಿ ಸಂವಿಧಾನದ ಅಡಿಯಲ್ಲಿ ಚುನಾವಣೆ ನಡೆದಾಗ, ಸೆರೆಯಲ್ಲಿದ್ದುಕೊಂಡೇ ಅವರು ಅಕ್ರಾದಲ್ಲಿ 23,122 ಮತಗಳ ಪೈಕಿ 22,780 ಮತ ಪಡೆದರು. ಜನರ ಮತದಿಂದ ತುಂಬಬೇಕಿದ್ದ 38 ಸ್ಥಾನಗಳಲ್ಲಿ 34 ಅವರ ಪಕ್ಷಕ್ಕೆ ಬಂದವು. ಗವರ್ನರ್ ಚಾರ್ಲ್ಸ್ ಆರ್ಡೆನ್-ಕ್ಲಾರ್ಕ್ ಮುಂದೆ ಇದ್ದದ್ದು ಎರಡೇ ದಾರಿ. ಗೆದ್ದವರನ್ನು ಜೈಲಿನಲ್ಲೇ ಇಟ್ಟು ಸಂವಿಧಾನವನ್ನು ಕಸದಬುಟ್ಟಿಗೆ ಹಾಕುವುದು, ಇಲ್ಲವೇ ಅವರನ್ನು ಬಿಡಿಸಿ ಸರ್ಕಾರ ರಚಿಸಲು ಕರೆಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಫೆಬ್ರವರಿ 12ರಂದು ಎನ್‌ಕ್ರುಮಾ ಬಿಡುಗಡೆಯಾದರು, ಮರುವರ್ಷ ಮಾರ್ಚ್‌ನಲ್ಲಿ ಪ್ರಧಾನಿಯಾದರು. ಹೊಸ ಸರ್ಕಾರ ಕೊಕ್ಕೊ ಮರಗಳ ಕಡ್ಡಾಯ ಕಡಿತವನ್ನು ನಿಲ್ಲಿಸಿ, ರೈತರನ್ನು ಒಪ್ಪಿಸಿ ಕಡಿಸುವ ದಾರಿ ಹಿಡಿಯಿತು. ವಿಜ್ಞಾನಿಗಳ ಸಲಹೆ ಬದಲಾಗಿರಲಿಲ್ಲ, ಹೇಳುವವರು ಬದಲಾಗಿದ್ದರು.

ಇಲ್ಲಿಂದ ಸ್ವಾತಂತ್ರ್ಯ ನೇರವಾಗಿ ಬರಬೇಕಿತ್ತು. ಅದನ್ನು ತಡೆದದ್ದೂ ಕೊಕ್ಕೊವೇ. 1954ರ ಆಗಸ್ಟ್‌ನಲ್ಲಿ ಎನ್‌ಕ್ರುಮಾ ಸರ್ಕಾರ ಹೊರೆಯೊಂದಕ್ಕೆ 72 ಶಿಲಿಂಗ್ ಎಂದು ನಾಲ್ಕು ವರ್ಷಗಳಿಗೆ ಬೆಲೆ ಗೊತ್ತುಮಾಡಿತು. ಟನ್ನಿಗೆ ಲೆಕ್ಕ ಹಾಕಿದರೆ ಸುಮಾರು 134 ಪೌಂಡ್ ಹಣ. ಜಗತ್ತಿನ ಮಾರುಕಟ್ಟೆಯ ಬೆಲೆ ಆಗ ಅದರ ಎರಡು ಪಟ್ಟಿಗಿಂತಲೂ ಎಷ್ಟೋ ಹೆಚ್ಚಿತ್ತು. ಉಳಿಕೆಯಿಂದ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟುವುದು ಸರ್ಕಾರದ ಉದ್ದೇಶ. ಆದರೆ ಬಿಳಿಯರ ಕಾಲದಲ್ಲಿ ಕೇಳಿದ ವಾದವನ್ನೇ ತಮ್ಮವರ ಬಾಯಿಂದಲೂ ಕೇಳಿದ ಅಶಾಂತಿಯ ರೈತರು ಸಿಡಿದೆದ್ದರು. ಮುಂದಿನ ತಿಂಗಳೇ ಕುಮಾಸಿಯಲ್ಲಿ ರಾಷ್ಟ್ರೀಯ ವಿಮೋಚನಾ ಚಳವಳಿ ಹುಟ್ಟಿತು. ಹೆಚ್ಚಿನ ಬೆಲೆಯ ಜೊತೆಗೆ ಅದು ಒಕ್ಕೂಟ ವ್ಯವಸ್ಥೆಯನ್ನೂ ಕೇಳಿತು, ಏಕೆಂದರೆ ಅಶಾಂತಿಯ ಕೊಕ್ಕೊ ಹಣ ಕರಾವಳಿಗೆ ಹರಿದುಹೋಗುತ್ತಿದೆ ಎಂಬ ನೋವು ಅಲ್ಲಿನ ಒಡೆಯರಿಗೂ ಇತ್ತು. ಮನೆಗಳಿಗೆ ಬಾಂಬ್ ಬಿದ್ದವು, ಎರಡೂ ಕಡೆ ಜನ ಸತ್ತರು. ಇದನ್ನು ಬುಡಕಟ್ಟು ಜಗಳವೆಂದು ತಳ್ಳಿಹಾಕಿದವರಿದ್ದಾರೆ. ನನ್ನ ದೃಷ್ಟಿಯಲ್ಲಿ 1937ರಲ್ಲಿ ಕಂಪನಿಗಳನ್ನು ಎದುರಿಸಿದ ರೈತನ ನ್ಯಾಯಬುದ್ಧಿಯೇ ಇಲ್ಲೂ ಕೆಲಸ ಮಾಡಿತು.

ನಾಡು ಒಡೆಯಬಹುದೆಂಬ ಭಯದಿಂದ ವಸಾಹತು ಸಚಿವ ಅಲನ್ ಲೆನಾಕ್ಸ್-ಬಾಯ್ಡ್ ಮತ್ತೊಂದು ಚುನಾವಣೆಯನ್ನು ಷರತ್ತಾಗಿ ಇಟ್ಟರು. 1956ರ ಮೇ ತಿಂಗಳಲ್ಲಿ ಪೂರ್ವದ ಗಡಿಗೆ ಹೊಂದಿಕೊಂಡು ಬ್ರಿಟಿಷರ ಆಡಳಿತದಲ್ಲಿದ್ದ ಬ್ರಿಟಿಷ್ ಟೋಗೊಲ್ಯಾಂಡಿನ ಜನ ಜನಮತ ಗಣನೆಯಲ್ಲಿ ಗೋಲ್ಡ್ ಕೋಸ್ಟಿನೊಂದಿಗೆ ಸೇರಲು ಬಹುಮತದಿಂದ ಒಪ್ಪಿದರು. ಜುಲೈನ ಚುನಾವಣೆಯಲ್ಲಿ ಅಶಾಂತಿ ಪ್ರಾಂತದಲ್ಲಿ ಸೋತರೂ ಎನ್‌ಕ್ರುಮಾ ಅವರ ಪಕ್ಷ 104ರಲ್ಲಿ 71 ಸ್ಥಾನ ಗೆದ್ದಿತು. ಸ್ವಾತಂತ್ರ್ಯದ ದಿನಾಂಕವನ್ನು ಮುಂದೂಡಲು ಆಮೇಲೆ ನೆಪ ಉಳಿಯಲಿಲ್ಲ.

ದಿನಾಂಕವಾಗಿ ಗೊತ್ತಾದದ್ದು 1844ರ ಒಪ್ಪಂದದ ದಿನವೇ ಆದ ಮಾರ್ಚ್ 6. ಅಂದಿಗೆ ಸರಿಯಾಗಿ 113 ವರ್ಷ. ನಡುರಾತ್ರಿ ಅಕ್ರಾದ ಹಳೆಯ ಪೋಲೊ ಮೈದಾನದಲ್ಲಿ ಎನ್‌ಕ್ರುಮಾ ಜೈಲಿನ ಗೆಳೆಯರೊಂದಿಗೆ ವೇದಿಕೆ ಹತ್ತಿದಾಗ, ನೆರೆದವರಲ್ಲಿ ಅಮೆರಿಕದಿಂದ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದ್ದರು. ಮೂವರು ಮಾಜಿ ಸೈನಿಕರು ಬಿದ್ದ ಕೂಡುರಸ್ತೆಗೆ ಅಲ್ಲಿಂದ ಬಹಳ ದೂರವಿಲ್ಲ. ಆ ರಸ್ತೆಗೆ ಇಂದು ಫೆಬ್ರವರಿ 28ರ ಹೆಸರಿದೆ. ಅವರ ಮನವಿ ತಲುಪಬೇಕಿದ್ದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯಿಂದ ಗವರ್ನರ್ ಹೊರಟ ಮೇಲೆ ಎನ್‌ಕ್ರುಮಾ ಅಲ್ಲಿ ವಾಸಕ್ಕೆ ಬಂದರು.